ಆಪತ್ತಿಗೆಂದು ಇಟ್ಟ ಗಂಟು

ಚರ್ಚಿನ ಖಜಾಂಚಿಗೆ ಜನ ಇಟ್ಟ ಹೆಸರು ಬೀಗ. ಎದುರಿಗೆ ಸಿಕ್ಕರೆ ಸರ್, ಬೆನ್ನು ತಿರುಗಿಸಿದರೆ ಬೀಗ. ಅವನಿಗದು ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಬೀಗವಿಲ್ಲದ ಪೆಟ್ಟಿಗೆಯ ಗತಿ ಏನೆಂದು ಅವನು ಕಣ್ಣಾರೆ ಕಂಡಿದ್ದ.

ಅವನಿಗಿನ್ನೂ ಮೀಸೆ ಮೂಡುವ ಮುಂಚೆ ಒಂದು ಬಿರುಗಾಳಿ ಬಂದು ಚರ್ಚಿನ ಛಾವಣಿಯನ್ನು ಹೊತ್ತುಕೊಂಡು ಹೋಗಿತ್ತು. ಬಂದ ಕಾಣಿಕೆಯನ್ನೆಲ್ಲ ಬಂದಂತೆಯೇ ಹಂಚಿ ಕೈ ತೊಳೆದುಕೊಳ್ಳುತ್ತಿದ್ದ ಹಿರಿಯರ ಬಳಿ ಬಿಡಿಗಾಸಿರಲಿಲ್ಲ. ವರ್ಷಗಟ್ಟಲೆ ಟಾರ್ಪಾಲಿನ ಕೆಳಗೆ ಆರಾಧನೆ ನಡೆಯಿತು. ಚಂದಾ ಎತ್ತಲು ಹೋದ ಅಪ್ಪನಿಗೆ ಒಬ್ಬ ಅಂಗಡಿಯವನು, "ಏನ್ರೀ, ನಿಮ್ಮ ದೇವರ ತಲೆ ಮೇಲೊಂದು ಸೂರು ಹಾಕೋ ಯೋಗ್ಯತೆ ಇಲ್ವಾ ನಿಮಗೆ?" ಎಂದು ನಾಲ್ಕು ಜನರ ಮುಂದೆ ಕೇಳಿದ್ದ. ಅಪ್ಪ ತಲೆ ತಗ್ಗಿಸಿದ್ದನ್ನು ಪಕ್ಕದಲ್ಲಿ ನಿಂತು ನೋಡಿದ ಮಗ ಅದನ್ನು ಮರೆಯಲಿಲ್ಲ.

ಹಾಗಾಗಿ ಖಜಾಂಚಿಯಾದ ಕೂಡಲೇ ಅವನು ಮಾಡಿದ ಮೊದಲ ಕೆಲಸ ಆಪತ್ಕಾಲದ ನಿಧಿ. ಅದಕ್ಕೊಂದು ಕಟ್ಟುಪಾಡನ್ನೂ ತಾನೇ ಬರೆದ: ಆ ಹಣ ಮುಟ್ಟಬೇಕಾದರೆ ಸಮಿತಿಯ ಎಲ್ಲರೂ ಕೈ ಎತ್ತಬೇಕು. ಒಂದೇ ಒಂದು ಕೈ ಕೆಳಗಿದ್ದರೂ ಮಾತು ಅಲ್ಲಿಗೆ ಮುಗಿಯಿತು. ಅಂದಿನಿಂದ ಕೆಳಗಿರುತ್ತಿದ್ದ ಆ ಒಂದು ಕೈ ಯಾವಾಗಲೂ ಅವನದೇ. ಹೊಸ ಮೈಕಿಗೆ ಬೇಡ, ಬಣ್ಣಕ್ಕೆ ಬೇಡ, ಸಮಿತಿಯಲ್ಲೇ ಇದ್ದ ಬಡಗಿಯ ಮಗಳ ಶಾಲೆಯ ಫೀಸಿಗೂ ಬೇಡ. ಜಪ್ಪಯ್ಯ ಅಂದರೂ ಆಸಾಮಿ ಅಲುಗಾಡುತ್ತಿರಲಿಲ್ಲ. ನಿಧಿ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತು ಮರಿ ಹಾಕುತ್ತಲೇ ಇತ್ತು.

ಆ ನಿಧಿಗೆ ಮೊದಲ ದುಡ್ಡು ಬಿದ್ದದ್ದು ಅವನ ಅಕ್ಕನ ಹೊಲಿಗೆ ಯಂತ್ರದಿಂದ. ಗಂಡನಿಲ್ಲದ, ಮಕ್ಕಳಿಲ್ಲದ ಅಕ್ಕ ಬೀದಿಗೆ ತೆರೆದುಕೊಂಡ ಒಂದೇ ಕೋಣೆಯಲ್ಲಿ ಬಟ್ಟೆ ಹೊಲಿದು ಬದುಕುತ್ತಿದ್ದಳು. ಉಳಿದ ತುಂಡು ಬಟ್ಟೆಗಳಲ್ಲಿ ಚೀಲ ಹೊಲಿದು ಚರ್ಚಿನ ಬಾಗಿಲಲ್ಲಿ ಮಾರಿ, ಬಂದದ್ದನ್ನು ತಮ್ಮನ ಕೈಗಿತ್ತು, "ತಗೋಳೋ, ನಿನ್ನ ಗಂಟಿಗೆ ಸೇರಿಸ್ಕೋ," ಎಂದಿದ್ದಳು. ಅವನ ಅಂಗಿಯ ಗುಂಡಿ ಸಡಿಲವಾದರೆ ಬಿಚ್ಚಲೂ ಬಿಡದೆ, ಮೈಮೇಲೆ ಇದ್ದ ಹಾಗೆಯೇ ಹಿಡಿದು ಹೊಲಿದುಬಿಡುವ ಹೆಂಗಸು.

ಅಂಥವಳು ಒಂದು ದಿನ ಪಾದ್ರಿಯವರ ನಿಲುವಂಗಿಯ ತೋಳನ್ನು ಕುತ್ತಿಗೆಗೆ ಕೂಡಿಸಿ ಹೊಲಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಡಾಕ್ಟರು ಮಾತ್ರ ನಗಲಿಲ್ಲ. ಕಣ್ಣಿನೊಳಗಿನ ಒತ್ತಡ ಏರಿದೆ, ಕೂಡಲೇ ಆಪರೇಷನ್ ಆಗಬೇಕು, ಹೋದ ದೃಷ್ಟಿ ಆಮೇಲೆ ತಿಪ್ಪರಲಾಗ ಹಾಕಿದರೂ ಬರುವುದಿಲ್ಲ ಎಂದರು. ಧರ್ಮಾಸ್ಪತ್ರೆಯಲ್ಲಿ ಸರದಿ ಮುಂದಿನ ವರ್ಷಕ್ಕೆ. ತಮ್ಮನ ಸ್ವಂತ ಉಳಿತಾಯವೆಲ್ಲ ಹೆಂಡತಿಯ ಕೊನೆಯ ಕಾಯಿಲೆಯಲ್ಲಿ ಕರಗಿಹೋಗಿತ್ತು. ಅವನು ಪುಡಿಗಾಸು ಹೊಂದಿಸಿ ಕಣ್ಣಿಗೆ ಬಿಡುವ ಹನಿ ತಂದುಕೊಟ್ಟ. ಆಪರೇಷನ್ನಿಗೆ ಉಳಿದದ್ದು ಒಂದೇ ದಾರಿ.

ಸಮಿತಿ ಸೇರಿತು. ಚರ್ಚಿನ ಹಿಂದಿನ ಕೋಣೆ, ಕುಂಟುವ ಮೇಜು, ಅದರ ಕಾಲಿನಡಿ ಮಡಚಿಟ್ಟ ರಟ್ಟು. ಪಾದ್ರಿಯವರು ವಿಷಯ ಹೇಳಿ ಮುಗಿಸುವ ಮೊದಲೇ ಔಷಧಿ ಅಂಗಡಿಯವನು, "ಕೇಳೋದೇನಿದೆ, ಕೊಟ್ಬಿಡೋಣ," ಎಂದ. ಶಾಲೆಯ ಟೀಚರಮ್ಮ ಹೂಂ ಎಂದರು. ಬಡಗಿ ಕೂಡ, ತನ್ನ ಮಗಳಿಗೆ ಸಿಗದಿದ್ದದ್ದನ್ನು ನುಂಗಿಕೊಂಡು, ಹೂಂ ಎಂದ.

ಪಾದ್ರಿಯವರು ಬೀಗನ ಕಡೆ ತಿರುಗಿದರು. "ನೀವು ಸ್ವಲ್ಪ ಹೊರಗೆ ಹೋಗಿ ನೀರು ಕುಡಿದು ಬನ್ನಿ. ಒಡಹುಟ್ಟಿದವರ ವಿಷಯ ಬಂದಾಗ ಎದ್ದು ಹೋಗಬಹುದು, ಉಳಿದವರ ಕೈ ಸಾಕು ಅಂತ ನೀವೇ ಬರೆದಿದ್ದೀರಿ."

ನೋಡಿ, ಎಷ್ಟು ಸುಲಭ. ಎದ್ದು ಹೋಗಿದ್ದರೆ ಸಾಕಿತ್ತು. ಒಳಗಿದ್ದವರು ಕೈ ಎತ್ತುತ್ತಿದ್ದರು, ಕೆಲಸ ಮುಗಿಯುತ್ತಿತ್ತು. ಆದರೆ ಬೀಗ ಬಡಗಿಯ ಮುಖ ನೋಡಿದ. ಇಷ್ಟು ವರ್ಷ ಊರಿಗೆಲ್ಲ ಇಲ್ಲವೆಂದವನು ಅಕ್ಕನ ಸರದಿ ಬಂದಾಗ ನೀರು ಕುಡಿಯಲು ಹೋದ ಎಂದು ನಾಳೆ ಜನ ಆಡಿಕೊಳ್ಳುವುದು ಅವನ ಕಿವಿಗೆ ಈಗಲೇ ಕೇಳಿಸಿತು. ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

"ನನಗೆ ಬಾಯಾರಿಕೆ ಇಲ್ಲ. ಇನ್ನೆರಡು ತಿಂಗಳಿಗೆ ಠೇವಣಿಯ ಅವಧಿ ಮುಗಿಯುತ್ತೆ. ಈಗ ಮುರಿದರೆ ಬಡ್ಡಿಗೆ ಕತ್ತರಿ ಬೀಳುತ್ತೆ. ಎರಡು ತಿಂಗಳು ಕಾದರೆ ಬಡ್ಡಿಯಲ್ಲೇ ಆಪರೇಷನ್ ಆಗುತ್ತೆ, ಅಸಲು ಮುಟ್ಟೋದೇ ಬೇಡ."

"ಕಣ್ಣು ಕಾಯುತ್ತೇನ್ರೀ?" ಟೀಚರಮ್ಮ ಕೇಳಿದರು.

"ಹನಿ ಬಿಡ್ತಿದ್ದಾಳಲ್ಲ."

ಕೈಗಳು ಎದ್ದವು. ಅವನ ಕೈ ಮೊಣಕಾಲ ಮೇಲೆಯೇ ಇತ್ತು. ನ್ಯಾಯವಂತನಂತೆ, ಮಣ್ಣಾಂಗಟ್ಟಿ. ಮನೆಗೆ ಹೋಗುವಾಗ ಎದೆ ಸೆಟೆಸಿಕೊಂಡೇ ನಡೆದ ಎಂಬುದನ್ನೂ ಹೇಳಬೇಕು. ತನ್ನವರೆಂದು ಬಿಡಲಿಲ್ಲ ಎಂಬ ಹೆಮ್ಮೆ ಅಕ್ಕನ ಚಿಂತೆಗಿಂತ ದೊಡ್ಡದಾಗಿತ್ತು. ದಾರಿಯಲ್ಲಿ ಅಕ್ಕನ ಕೋಣೆಗೆ ಹೋಗಿ ತಾನೇ ಹೇಳಿದ. ಅವಳು ಯಂತ್ರ ನಿಲ್ಲಿಸಿದಳು.

"ಎಲ್ಲರೂ ಬೇಡ ಅಂದ್ರಾ?"

"ಇಲ್ಲ. ನಾನು ಅಂದೆ."

ಬೈದಿದ್ದರೆ ಅವನಿಗೆ ಉತ್ತರ ಸಿದ್ಧವಿತ್ತು. ಅವಳು ಬೈಯಲಿಲ್ಲ. "ಹಾಗಾದರೆ ಬೆಳಕಿರೋವಾಗಲೇ ಇದನ್ನ ಮುಗಿಸ್ತೀನಿ," ಎಂದು ಮತ್ತೆ ಯಂತ್ರ ತುಳಿದಳು.

ಕಣ್ಣು ಕಾಯಲಿಲ್ಲ. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಬಟ್ಟೆಯ ಬಣ್ಣ, ಆಮೇಲೆ ಬಾಗಿಲಲ್ಲಿ ನಿಂತವರ ಮುಖ. ಠೇವಣಿಯ ಅವಧಿ ಮಾತ್ರ ಹೇಳಿದ ದಿನಕ್ಕೇ ಮುಗಿಯಿತು, ಬಡ್ಡಿ ಒಂದು ಪೈಸೆ ಕಡಿಮೆಯಾಗಲಿಲ್ಲ. ಬೀಗ ಎಲ್ಲರ ಒಪ್ಪಿಗೆ ಪಡೆದು ಅದನ್ನು ಹಿಡಿದುಕೊಂಡು ಓಡಿದ. ಡಾಕ್ಟರು ಅವಳ ಕಣ್ಣಿಗೆ ದೀಪ ಹಿಡಿದು ನೋಡಿ, ದೀಪ ಆರಿಸಿ, ಇನ್ನು ಮಾಡುವಂಥದ್ದೇನೂ ಇಲ್ಲ ಎಂದರು.

ಸಮಿತಿ ಮತ್ತೆ ಸೇರಿತು. ಹೊಲಿಯಲಾಗದ ಹೆಂಗಸಿಗೆ ನಿಧಿಯಿಂದ ತಿಂಗಳು ತಿಂಗಳು ಸಹಾಯ ಕೊಡುವ ವಿಷಯ. ಪಾದ್ರಿಯವರು ಬಾಯಿ ಬಿಡುವಷ್ಟರಲ್ಲಿ ಬೀಗನ ಕೈ ಮೇಲಿತ್ತು. ಉಳಿದವರು ಅವನತ್ತ ನೋಡದೆ ಕೈ ಎತ್ತಿದರು. ಬಡಗಿ ಎದ್ದು ಹೊರಗೆ ಹೋಗಿ ಉಗುಳಿ ಬಂದ.

ಮೊದಲ ತಿಂಗಳ ದುಡ್ಡನ್ನು ಬೀಗನೇ ಒಯ್ದ. ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಅಕ್ಕ ಗೋಡೆಗೊರಗಿ ಕೂತಿದ್ದಳು. ಹೆಜ್ಜೆಯ ಸದ್ದಿಗೇ ಗುರುತು ಹಿಡಿದಳು.

"ಬಾ. ಏನು ತಂದೆ?"

"ಚರ್ಚಿಂದ ಕಳಿಸಿದ್ದಾರೆ ಅಕ್ಕಾ. ಇನ್ಮೇಲೆ ಪ್ರತಿ ತಿಂಗಳೂ ಬರುತ್ತೆ."

"ಎಲ್ಲರೂ ಕೈ ಎತ್ತಿದ್ರಾ?"

"ಎಲ್ಲರೂ."

"ನೀನೂ?"

"ನಾನೇ ಮೊದಲು."

"ಹೌದಾ. ನನಗೆ ಕಾಣಲ್ಲ ನೋಡು, ಅದಕ್ಕೆ ಕೇಳಿದೆ."

ಅವನು ಅವಳ ಪಕ್ಕ ಕುಕ್ಕರಿಸಿದ. ಅವಳ ಕೈ ಅಭ್ಯಾಸಬಲದಿಂದ ಅವನ ಅಂಗಿಯ ತೋಳನ್ನು ತಡಕಿತು. ಗುಂಡಿ ಒಂದೆಳೆ ದಾರದಲ್ಲಿ ಜೋತಾಡುತ್ತಿತ್ತು. ಬೆರಳುಗಳು ಅದರ ಮೇಲೆ ಒಂದು ಗಳಿಗೆ ನಿಂತು, ಆಮೇಲೆ ಬಿಟ್ಟುಬಿಟ್ಟವು.

"ಅಕ್ಕಾ, ನನ್ನನ್ನ ಒಂದು ಮಾತು ಬೈದುಬಿಡು. ಈ ದುಡ್ಡನ್ನ ಮುಖದ ಮೇಲೆ ಎಸೆದುಬಿಡು. ನಾನು ತಡ್ಕೋತೀನಿ."

"ಎಸೆದು ಏನು ತಿನ್ನಲಿ?" ಅವಳು ಅಂಗೈ ಚಾಚಿದಳು. "ಇಲ್ಲಿ ಇಡು. ಬೇಡ ಅನ್ನೋಕೂ ಒಂದಿಷ್ಟು ಗಂಟು ಇರಬೇಕು ಕಣೋ. ನನ್ನದನ್ನೆಲ್ಲ ನಿನ್ನ ಕೈಗೇ ಕೊಟ್ಟಿದ್ದೆ."

ಚಾಚಿದ ಕೈ ಹಾಗೆಯೇ ಇತ್ತು. ಅಪ್ಪನ ಕೈಯೂ ಹೀಗೆಯೇ ಅಂಗಡಿಯ ಮುಂದೆ ಚಾಚಿತ್ತು. ಬೀಗ ಅದರ ಮೇಲೆ ನೋಟುಗಳನ್ನು ಇಟ್ಟ, ಅವಳು ಒಂದೊಂದನ್ನೇ ಮುಟ್ಟಿ ನೋಡಿ ಮಡಿಲಿಗೆ ಹಾಕಿಕೊಂಡಳು.