ಬೋರಲು ಹಾಕದ ಕಿಟ್ಲಿ

ತಿಕ್ಕಿದ ಹಿತ್ತಾಳೆಯ ಚರಿಗೆಗಳನ್ನು ಅಂಗಳದ ಬಿಸಿಲಿಗೆ ಬೋರಲು ಹಾಕಿ, ಒದ್ದೆ ಅರಿವೆಯನ್ನು ಹಿಂಡಿಕೊಂಡು ಗುರುಸಿದ್ದವ್ವ ಪಡಸಾಲೆಯ ಮಾಡಿನ ಕಡೆಗೆ ಬಂದಳು. ಗೋಡೆಯೊಳಗಿನ ಆ ಗೂಡಿನಲ್ಲಿ ಚೀನಿ ಮಣ್ಣಿನ ಚಹಾದ ಕಿಟ್ಲಿ ಇತ್ತು. ಬಿಳಿ ಮೈ, ನೀಲಿ ಬಳ್ಳಿ, ಸೊಂಡಿಲಿನ ತುದಿಗೆ ಬಂಗಾರದ ಗೆರೆ. ಅದನ್ನು ಇದ್ದಲ್ಲೇ ಒರೆಸಬೇಕು, ಬೋರಲು ಹಾಕುವಂತಿಲ್ಲ. ಸತ್ತವರ ಪಾತ್ರೆ ಬೋರಲು ಹಾಕಿದರೆ ಮನೆಯಲ್ಲಿ ಮತ್ತೊಂದು ಸಾವು ಆಗುತ್ತದೆಂದು ಅತ್ತೆ ಮುರಿಗೆವ್ವ ಮದುವೆಯಾದ ವಾರವೇ ಹೇಳಿದ್ದಳು.

ಸತ್ತವಳು ಕಾಶಿಬಾಯಿ, ಗಂಡನ ಮೊದಲ ಹೆಂಡತಿ. ಬಬಲೇಶ್ವರದ ತವರಿನಲ್ಲಿ, ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅದಾಗಿ ಮೂರು ವರ್ಷಕ್ಕೆ, ಲಡಾಯಿ ಸುರುವಾದ ವರ್ಷ, ತಿಕೋಟಾದಿಂದ ಗುರುಸಿದ್ದವ್ವ ವಿಜಾಪುರದ ಈ ಮನೆಗೆ ಬಂದಳು. ಅವಳ ಕೊರಳಿಗೆ ತಾಳಿಯ ಜೊತೆಗೆ ಸವತಿಯ ಹೆಸರಿನ ಬೆಳ್ಳಿಯ ಬಿಲ್ಲೆಯನ್ನೂ ಕಟ್ಟಿದರು. ಹೊಸ ಸೀರೆಯನ್ನು ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ಉಡಬೇಕು. ಅಮಾವಾಸ್ಯೆಗೆ ಈ ಕಿಟ್ಲಿಯಲ್ಲಿ ಚಹಾ ಹಾಕಿ ಅವಳಿಗೆ ಎಡೆ ಇಡಬೇಕು.

ಕಿಟ್ಲಿ ಬಂದದ್ದೂ ಆ ಮದುವೆಯಲ್ಲೇ. ಕಾಶಿಬಾಯಿಯ ತಾಯಿ ರಾಚವ್ವ ಮದುವೆಗೆ ತಾನು ಬರದೆ ಬಂಡಿಯವನ ಕೈಯಲ್ಲಿ ಬುಟ್ಟಿಯೊಂದನ್ನು ಕಳಿಸಿದ್ದಳು. ತನ್ನ ಮುತ್ತಜ್ಜನಿಗೆ ಯಾವನೋ ಸಾಹೇಬ ಕೊಟ್ಟ ಕಿಟ್ಲಿ ತವರಿನಲ್ಲಿದೆ ಎಂದು ಕಾಶಿಬಾಯಿ ಹೇಳುತ್ತಿದ್ದಳಂತೆ. ಇದೇ ಅದು ಎಂದು ಮುರಿಗೆವ್ವ ತಿಳಿದಳು. ಬುಟ್ಟಿ ಕಳಿಸಿದವಳನ್ನು ಯಾರೂ ಕೇಳಲಿಲ್ಲ.

ಹೋದ ಅಮಾವಾಸ್ಯೆಯ ದಿನ ಅದರ ಮುಚ್ಚಳ ಗುರುಸಿದ್ದವ್ವನ ಕೈಯಿಂದ ಜಾರಿ ಎರಡು ಹೋಳಾಯಿತು. ಮುರಿಗೆವ್ವ ಬೈಯಲಿಲ್ಲ. ಹೋಳುಗಳನ್ನು ಅರಿವೆಯಲ್ಲಿ ಕಟ್ಟಿಡುತ್ತ, "ಆಕೀದು ಒಡದಿ. ಇನ್ನ ಆಕಿ ಏನ್ ಮಾಡ್ತಾಳೋ ಯಾರಿಗ್ಗೊತ್ತು" ಎಂದಳು, ಅಷ್ಟೇ. ಬೈದಿದ್ದರೆ ಅತ್ತು ಹಗುರಾಗಬಹುದಿತ್ತು. ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು, ಈಗ ಏಳನೆಯ ತಿಂಗಳು. ಕೂಸು ಸ್ವಲ್ಪ ಹೊತ್ತು ಮಿಸುಕದಿದ್ದರೆ ಅವಳ ಕೈ ತಾನಾಗಿ ಬಿಲ್ಲೆಯ ಮೇಲೆ ಹೋಗುತ್ತಿತ್ತು. ತಪ್ಪಾತು ಅಕ್ಕಾ, ಎನ್ನುತ್ತಿದ್ದಳು.

ಹೆರಿಗೆಗೆ ತಮ್ಮಲ್ಲಿಗೇ ಬಾ ಎಂದು ರಾಚವ್ವ ಹೇಳಿಕಳಿಸಿದ್ದಳು. ಗುರುಸಿದ್ದವ್ವನಿಗೆ ತಾಯಿ ಇಲ್ಲ, ತಿಕೋಟಾದಲ್ಲಿ ಅಣ್ಣನ ಹೆಂಡತಿಗೆ ತನ್ನ ಮಕ್ಕಳೇ ಸಾಕಾಗಿದ್ದರು. ಆದರೂ ಅವಳು ಒಲ್ಲೆ ಎಂದಿದ್ದಳು. ಕಾಶಿಬಾಯಿ ಸತ್ತ ಕೋಣೆಯಲ್ಲಿ, ಕಾಶಿಬಾಯಿಗೆ ತಪ್ಪು ಮಾಡಿ, ಹೇಗೆ ಮಲಗುವುದು?

ಅವಳು ಕಿಟ್ಲಿ ಒರೆಸಿ ಮುಗಿಸುವಷ್ಟರಲ್ಲಿ ದಾವಲಸಾಬ ಬಂದ. ಅವನು ಹಳೆಯ ಪಿಂಗಾಣಿ ಕೊಂಡು ಸೊಲ್ಲಾಪುರದ ಬಂಗಲೆಗಳಿಗೆ ಮಾರುವ ವ್ಯಾಪಾರಿ. ಒಡೆದದ್ದಕ್ಕೆ ತಂತಿ ಹಾಕಿ ಕೂಡಿಸುವುದನ್ನೂ ಮಾಡಿಸಿಕೊಡುತ್ತಿದ್ದ. ಮುರಿಗೆವ್ವನೇ ಅವನನ್ನು ಕರೆಸಿದ್ದಳು. ಮುಚ್ಚಳದ ಹೋಳುಗಳನ್ನು ನೋಡಿ ಅವನು ಕಿಟ್ಲಿಯನ್ನೂ ಕೇಳಿದ. ಕೈಗೆ ಬಂದದ್ದೇ, ಇವರು ಬ್ಯಾಡ ಅನ್ನುವುದರೊಳಗೆ, ಅದನ್ನು ಬೋರಲು ಮಾಡಿ ತಳ ನೋಡಿದ.

ಗುರುಸಿದ್ದವ್ವ ಕಿಟ್ಲಿಗೆ ಕೈ ಚಾಚಿದಳು. ಮುರಿಗೆವ್ವ ಕಣ್ಣು ಮುಚ್ಚಿಕೊಂಡಳು. ಅವನಿಗೆ ಇದ್ಯಾವುದೂ ತಿಳಿಯಲಿಲ್ಲ. ತಳಕ್ಕೆ ಹತ್ತಿದ್ದ ವಿಭೂತಿಯ ಪುಡಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಬೆಳಕಿಗೆ ಹಿಡಿದು, ಎಷ್ಟು ವರ್ಷದ್ದೆಂದು ಕೇಳಿದ. ನೂರು ವರ್ಷದ್ದು ಎಂದಳು ಮುರಿಗೆವ್ವ.

"ನೂರಾ? ಅವ್ವಾರ, ಇದು ನಮ್ಮ ಸಣ್ಣ ಮಗಳು ಮದೀನಾಬಿಗಿಂತ ಸಣ್ಣದೈತ್ರಿ. ಆಕಿಗಿನ್ನಾ ಮುಂದಿನ ಹಲ್ಲ ಬಿದ್ದಿಲ್ಲ."

"ಅಗ್ಗಕ್ಕ ಹೊಡಿಯಾಕ ಹಿಂಗಂತಿ."

"ಪುಕ್ಕಟ ಕೊಟ್ರೂ ನನಗ ಬ್ಯಾಡ್ರಿ. ಹೊಸಾದನ್ನ ಬಂಗಲೆದಾಗ ಯಾರ ತಗೋತಾರ?"

ಆಮೇಲೆ ತಳ ತೋರಿಸಿ ವಿವರಿಸಿದ. ವಿಲಾಯಿತಿಯಲ್ಲಿ ಪ್ರತಿ ಹೊಸ ನಮೂನೆಗೂ ಒಂದು ನಂಬರು ಕೊಡುತ್ತಾರೆ. ಅದು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುತ್ತದೆ. ಎಂಟು ಲಕ್ಷ ದಾಟಿದ್ದೇ ಮೂವತ್ತೈದನೇ ಇಸವಿಯಲ್ಲಿ. ಇದರ ಮೇಲಿರುವುದು ಎಂಟು ಲಕ್ಷ ಇಪ್ಪತ್ತೊಂಬತ್ತು ಸಾವಿರದ ಆಚೆಯದು. ನೀಲಿ ಬಳ್ಳಿ ಹಳೆಯ ಕಾಲದ್ದೇ, ಆದರೆ ಅದನ್ನು ನೋಡಿಕೊಂಡು ಈಗಿನವರು ಬರೆದದ್ದು.

"ಮೂವತ್ತೆಂಟನೇ ಇಸವಿಕಿಂತ ಹಿಂದಿಂದು ಅಲ್ಲೇ ಅಲ್ರಿ. ಬೇಕಾದ್ರ ಪೇಟಿಯೊಳಗ ಯಾರಿಗರ ತೋರಸ್ರಿ."

ಕಾಶಿಬಾಯಿ ಸತ್ತದ್ದು ಮೂವತ್ತಾರರಲ್ಲಿ.

ದಾವಲಸಾಬ ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡು, ಬರುವ ಸಂತೆಗೆ ತರುತ್ತೇನೆಂದು ಹೋದ. ಗುರುಸಿದ್ದವ್ವ ಮಾಡಿನ ಕೆಳಗೆ ಗೋಡೆಗೆ ಬೆನ್ನು ಹಚ್ಚಿ ಕುಳಿತಳು. ಆ ಮುದುಕಿ ರಾಚವ್ವ ಪೇಟೆಗೆ ಹೋಗಿ, ಅಂಗಡಿಯವನ ಮುಂದೆ ನಿಂತು, ತನ್ನ ಮನೆಯ ಹಳೆಯ ಕಿಟ್ಲಿಯಂಥದೇ ಬಳ್ಳಿ ಇರುವುದನ್ನು ಹುಡುಕಿ ಆರಿಸಿರಬೇಕು. ಮಗಳಿಗಲ್ಲ. ಮಗಳ ಜಾಗಕ್ಕೆ ಬಂದ, ಮುಖ ನೋಡದ ಹುಡುಗಿಗೆ. ನಾಲ್ಕು ವರ್ಷ ತನಗೆ ಬಂದ ಉಡುಗೊರೆಗೇ ತಾನು ಹೆದರಿದ್ದಳು.

ಬಿಲ್ಲೆಯನ್ನು ಮುಟ್ಟಿ ನೋಡಿದಳು. ಅದು ಬಿಸಿಯಾಗಿತ್ತು, ತನ್ನ ಮೈಯಷ್ಟೇ.

ಮುರಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳ ದನಿಯೂ ಹಗುರಾಗಿತ್ತು. "ಒಂದ ಮಾತ ಹೇಳಿ ಕಳಸಬಾರದೇನು ಆ ರಾಚವ್ವ? ಬಾಯಿ ಏನ ಹೊಲದಿದ್ರು ಆಕೀದು?"

ಗುರುಸಿದ್ದವ್ವನಿಗೆ ನಗು ಬಂತು. ಅತ್ತೆ ಅವಳತ್ತ ನೋಡಿ, ತಾನೂ ನಕ್ಕು, ನೀರಿನ ಕೊಡ ಎತ್ತಬ್ಯಾಡ, ನಾ ತರತೇನಿ ಎಂದು ಎದ್ದುಹೋದಳು.

ಹೊಟ್ಟೆಯಲ್ಲಿ ಕೂಸು ಒದೆಯಿತು. ಗುರುಸಿದ್ದವ್ವ ಕಿಟ್ಲಿಯನ್ನು ಅಂಗಳಕ್ಕೆ ಒಯ್ದು ಒಳಗೆ ಹೊರಗೆ ನೀರು ಹಾಕಿ ತೊಳೆದಳು. ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದು ನಿಂತು, ಚರಿಗೆಗಳ ನಡುವೆ ಬೋರಲು ಹಾಕಿದಳು. ಸೊಂಡಿಲಿನಿಂದ ನೀರು ತೊಟ್ಟಿಕ್ಕಿ ಮಣ್ಣಿನಲ್ಲಿ ಇಂಗಿತು.

ಬಬಲೇಶ್ವರದ ಆ ಕೋಣೆಗೆ ಬೆಳಕು ಯಾವ ಕಡೆಯಿಂದ ಬರುತ್ತದೋ ಎಂದು ಯೋಚಿಸಿದಳು. ಕಿಟ್ಲಿಯನ್ನು ಕಟ್ಟಿಕೊಂಡು ಹೋಗಲು ಮೆತ್ತನೆಯ ಹಳೆಯ ಸೀರೆಯೊಂದು ಬೇಕಾಗುತ್ತದೆ. ಹುಣ್ಣಿಮೆ ಕಳೆಯಲಿ, ಬಂಡಿ ಹೂಡಲು ಆಗ ಹೇಳಿದರಾಯಿತು. ಒಳಗಿಂದ ಅತ್ತೆ ಏನು ಮಾಡಾಕತ್ತಿ ಎಂದು ಕೇಳಿದಳು. ಏನಿಲ್ಲ, ಸಾಮಾನು ಒಣಗಾಕ ಹಾಕೇನಿ, ಎಂದಳು ಗುರುಸಿದ್ದವ್ವ.