ತುಪ್ಪ ಸವರಿದ ಕೆಂಪು ಬಾತುಕೋಳಿ

ನಮ್ಮ ಮನೆಯೊಳಗೆ ಎಲುಬು ಬರಕೂಡದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ನಾಯಿಯಾದರೂ ನಮ್ಮ ಅನ್ನವನ್ನೇ ತಿನ್ನಬೇಕು ಎಂಬುದು ನನ್ನ ಹಟ. ನಮ್ಮ ಗುಂಡ್ಯಾನ ಹಲ್ಲಿಗೆ ಅದು ತಿಳಿಯಬೇಕಲ್ಲ! ಕಡಿಯಲು ಏನೂ ಸಿಗದೆ ಯಜಮಾನರ ಎರಡು ಜೊತೆ ಚಪ್ಪಲಿ ಮುಗಿಸಿದ. ಆಮೇಲೆ ಪಕ್ಕದ ಮನೆಯ ರಹೀಮುನ್ನಿಸಾ ಹಾಕಿದ ಎಲುಬನ್ನು ಕಚ್ಚಿಕೊಂಡು ಬಂದು ನೇರ ದೇವರ ಮನೆಯ ಹೊಸ್ತಿಲ ಮೇಲೇ ಇಟ್ಟ. ನಾನು ಸಿಟ್ಟಿನಿಂದ ಕುಣಿದಾಡಿಬಿಟ್ಟೆ. ಇನ್ನು ಮೇಲೆ ಹಾಕುವುದಿಲ್ಲ ಎಂದು ಆಕೆ ಗೋಡೆಯಾಚೆಯಿಂದಲೇ ಮಾತು ಕೊಟ್ಟಳು.

ಆಗ, ಅಂದರೆ ಅರವತ್ನಾಲ್ಕನೇ ಇಸವಿಯಲ್ಲಿ, ಮುಂಡಗೋಡ ಸಂತೆಗೆ ಪ್ಲಾಸ್ಟಿಕ್ ಆಟಿಕೆಗಳು ಹೊಸದಾಗಿ ಬರತೊಡಗಿದ್ದವು. ಕೆಂಪು ಬಾತುಕೋಳಿಯೊಂದನ್ನು ತಂದೆ. ಒಡೆಯುವುದಿಲ್ಲ, ಮೈಲಿಗೆಯೂ ಇಲ್ಲ; ಎಂಥಾ ಜಾಣೆ ನಾನು ಎಂದು ಬೀಗಿದೆ. ಗುಂಡ್ಯಾ ಮೂಸಿ ನೋಡಿ ಮುಖ ತಿರುಗಿಸಿದ. ಅದರಿಂದ ಸೀಮೆಎಣ್ಣೆಯಂಥ ವಾಸನೆ ಬರುತ್ತಿತ್ತು. ನಾನು ಬಿಡುತ್ತೇನೆಯೇ? ಬಟ್ಟಲಲ್ಲಿ ಬಿಸಿ ತುಪ್ಪ ಹಾಕಿ, ಗೊಂಬೆಯನ್ನು ಅದರಲ್ಲಿ ಅದ್ದಿ ಚೆನ್ನಾಗಿ ಸವರಿ ಮುಂದಿಟ್ಟೆ. ದಿನಾ ಸವರಿದೆ. ಅವನೂ ದಿನಾ ನೆಕ್ಕಿದ, ಕಡಿದ, ನುಂಗಿದ.

ಹದಿನೈದು ದಿನಕ್ಕೆ ಗುಂಡ್ಯಾ ಅನ್ನ ಬಿಟ್ಟ. ವಾಂತಿ, ಜೊಲ್ಲು ಶುರುವಾದವು; ಹಿಂಗಾಲು ಎಳೆದುಕೊಂಡು ನಡೆಯತೊಡಗಿದ. ನನ್ನ ತಲೆಗೆ ಹೊಳೆದದ್ದು ಒಂದೇ. ಬಾವಿಕಟ್ಟೆಯಲ್ಲಿ ಓಣಿಯ ಹೆಂಗಸರೆಲ್ಲ ಇದ್ದಾಗ ಕೊಡ ಕುಕ್ಕಿ ರಹೀಮುನ್ನಿಸಾಳಿಗೆ ಅಂದೆ:

"ಕದ್ದು ಎಲುಬು ಹಾಕೀದಿ, ಅದಕ್ಕ ವಿಷಾ ಹಚ್ಚೀದಿ. ಆ ಕೈಗೆ ಹುಳಾ ಬೀಳಲಿ."

ಆಕೆ ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು. ಮರುದಿನದಿಂದ ಕಟ್ಟೆಯ ಮೇಲೆ ಆಕೆಯ ಕೊಡಕ್ಕೆ ಯಾರೂ ಜಾಗ ಬಿಡಲಿಲ್ಲ.

ದನದ ದವಾಖಾನೆಯ ಕಂಪೌಂಡರ್ ಅಂದಾನೆಪ್ಪನವರು ಬಂದು ವಾಂತಿಯನ್ನು ಕಡ್ಡಿಯಿಂದ ಕೆದಕಿದರು. ಎಲ್ಲ ಕೆಂಪು ಚೂರುಗಳು. ಬಾತುಕೋಳಿಗೆ ಅರ್ಧ ಕತ್ತೇ ಇರಲಿಲ್ಲ. ಉಳಿದ ಮೈ ಬಣ್ಣ ಬಿಟ್ಟು ಬಿಳಿಚಿಕೊಂಡಿತ್ತು. ತುಪ್ಪದ ಬಟ್ಟಲಿನ ತಳವೂ ಕೆಂಪಾಗಿತ್ತು.

"ಎಲುಬಲ್ಲ ಮಹಾದೇವಕ್ಕಾರ, ಇದು," ಎಂದು ಅವರು ಗೊಂಬೆ ತೋರಿಸಿದರು. "ಬಿಸಿ ತುಪ್ಪಕ್ಕ ಬಣ್ಣ, ರಸಾಯನ ಎಲ್ಲಾ ಬಿಟ್ಕೊಂಡೈತಿ. ಇದನ್ನ ಯಾರು ಕೊಟ್ರು?"

 ಅಂದು ಮಧ್ಯಾಹ್ನ ಗುಂಡ್ಯಾ ನನ್ನ ಕೈ ನೆಕ್ಕುತ್ತಲೇ ಸತ್ತ. ಹುಳ ಬೀಳಲಿ ಎಂದು ಶಪಿಸಿದ್ದೆನಲ್ಲ, ಆ ಕೈ ಇದೇ. 

ಸಂಜೆ ಹಿತ್ತಿಲ ಗೋಡೆಯ ಹತ್ತಿರ ಹೋಗಿ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ರಹೀಮುನ್ನಿಸಾಳನ್ನು ಕರೆದೆ. ತಪ್ಪು ನನ್ನದೇ ಎಂದು ಮೆಲ್ಲಗೆ ಹೇಳಿದೆ. ಗುಂಡ್ಯಾ ಹೋದನೆಂದು ಕೇಳಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು:

"ಬೈಯೂ ಮುಂದ ಓಣಿಗೆಲ್ಲಾ ಕೇಳಿಸ್ತು ಅಕ್ಕಾ. ಇದನ್ನ ಯಾಕ ಇಷ್ಟ ಸಣ್ಣ ದನಿಲೆ ಹೇಳ್ತೀರಿ?"

ಮರುದಿನ ಬೆಳಿಗ್ಗೆ, ಎಲ್ಲರ ಮುಂದೆ ಹೇಳಿಯೇ ಬಿಡಬೇಕೆಂದು ಬಾವಿಗೆ ಹೋದೆ. ಹೆಂಗಸರೆಲ್ಲ ಇದ್ದರು. ರಹೀಮುನ್ನಿಸಾ ದೂರ ನಿಂತು, ಅವರು ನೀರು ಸೇದಿ ಮುಗಿಸಲೆಂದು ಕಾಯುತ್ತಿದ್ದಳು. ನನ್ನನ್ನು ಕಂಡಕೂಡಲೇ ಹೆಂಗಸರು ಸರಿದು ನನ್ನ ಕೊಡಕ್ಕೆ ಜಾಗ ಬಿಟ್ಟರು. ನಾನು ತಲೆ ತಗ್ಗಿಸಿ, ಕೊಡ ತುಂಬಿಕೊಂಡು ಮನೆಗೆ ಬಂದೆ.