ಮಾಲೆಯ ತುದಿ

ಶಿರಾಲಿಯ ಆ ಕಲ್ಯಾಣ ಮಂಟಪದಲ್ಲಿ ನೆಲ ಒರೆಸುವ ಮಂಗಲಾಳ ಬಾಯಿಗೆ ಹೆದರದವರು ಯಾರೂ ಇರಲಿಲ್ಲ, ಮೆನೇಜರ್ ನರೇಶನೊಬ್ಬನನ್ನು ಬಿಟ್ಟು. ಅಡುಗೆ ಭಟ್ಟರು ಕೂಡ ಅವಳನ್ನು ಕಂಡರೆ ಸೌಟು ಕೆಳಗಿಟ್ಟು "ಎಂತ ಮಂಗಲಕ್ಕ" ಎಂದು ಮಾತಾಡಿಸುತ್ತಿದ್ದರು. ಕುಮಟೆ ಕಡೆಯ ಬಾಡ ಊರಿನಿಂದ ಬಂದ ಈ ನರೇಶ ಅವಳಿಗಿಂತ ಎಷ್ಟೋ ಚಿಕ್ಕವನು, ಬಂದ ದಿನವೇ "ಅಕ್ಕ" ಎಂಬುದನ್ನು ನುಂಗಿಕೊಂಡು ಬರೀ "ಮಂಗಲಾ" ಎಂದು ಕೂಗಿದ. ಅವತ್ತಿನಿಂದ ಅವನ ಮುಖ ಕಂಡರೆ ಅವಳಿಗೆ ಆಗದು. "ಹುಟ್ಟುವಾಗ್ಲೇ ಮೆನೇಜರ್ ಆಗಿ ಹುಟ್ಟಿದ್ದು ಕಾಣ್ತದೆ," ಎಂದು ಅವನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಅಂದಿದ್ದಳು.

ಇಬ್ಬರ ಜಗಳವೆಲ್ಲ ನೆಲ ತಿಕ್ಕುವ ಮೆಷಿನ್ನಿನ ಸುತ್ತಲೇ. ಮಂಟಪದ ಯಜಮಾನರು ಮಧುಸೂದನ ಹೆಗಡೇರು ತರಿಸಿದ ಮೆಷಿನ್ನು. ಅದಕ್ಕೂ ಮೊದಲು ಅಷ್ಟು ದೊಡ್ಡ ನೆಲವನ್ನು ಮಂಗಲಾ ಕುಕ್ಕರಗಾಲಲ್ಲಿ ಕೂತು ಒರೆಸಿದವಳು. ಮೊಣಕಾಲು ಎರಡೂ ಸವೆದುಹೋಗಿ, ಮುಟ್ಟಳ್ಳಿಯ ತನ್ನ ಮನೆ ಮೆಟ್ಟಿಲು ಹತ್ತುವಾಗ "ಅಯ್ಯಬ್ಬಾ" ಅನ್ನದೆ ಕಾಲು ಏಳುತ್ತಿರಲಿಲ್ಲ. ಇನ್ನು ನೆಲಕ್ಕೆ ಕೂತರೆ ಕಾಲಿನ ಆಸೆ ಬಿಡು ಎಂದು ಡಾಕ್ಟರು ಹೇಳಿಯಾಗಿತ್ತು. ಮೆಷಿನ್ನು ಬಂದ ಮೇಲೆ ನಿಂತೇ ಕೆಲಸ. ಹಿಡಿ ಹಿಡಿದು ಅದರ ಹಿಂದೆ ನಡೆದರಾಯಿತು, ಮುಂದೆ ಬ್ರಷ್ಷು ತಿಕ್ಕುತ್ತದೆ, ಹಿಂದೆ ರಬ್ಬರ್ ಪಟ್ಟಿ ಗಲೀಜು ನೀರನ್ನು ಎಳೆದುಕೊಳ್ಳುತ್ತದೆ.

ಅದನ್ನು ಅವಳು ಹಾಲು ಕರೆಯುವ ಎಮ್ಮೆಯ ಹಾಗೆ ಸಾಕಿದಳು. ಪ್ರತಿ ಮದುವೆಯ ನಂತರ ಗಲೀಜು ಟ್ಯಾಂಕು ಖಾಲಿ ಮಾಡಿ ತೊಳೆದು, ಮುಚ್ಚಳ ತೆಗೆದಿಟ್ಟು ಒಣಗಿಸುವಳು. ಬ್ರಷ್ಷು ಕಳಚಿ, ಅದಕ್ಕೆ ಸುತ್ತಿಕೊಂಡ ಕೂದಲು, ಹೂಮಾಲೆಯ ದಾರ ಎಲ್ಲವನ್ನೂ ಹಳೇ ಕತ್ತಿಯ ಮೊನೆಯಲ್ಲಿ ಬಿಡಿಸುವಳು. ದಾರವೇ ಅದರ ಶತ್ರು. ಒಂದು ಮೊಳ ಒಳಗೆ ಹೋಗಿ ಸುತ್ತಿತೋ, ಬ್ರಷ್ಷು ಬಿಗಿಯುತ್ತದೆ. ಬಿಗಿದದ್ದನ್ನು ಮತ್ತೂ ಓಡಿಸಿದರೆ ಮೋಟರು ಸುಡುತ್ತದೆ. ಅದಕ್ಕೇ ಚೆನ್ನಾಗಿ ಗುಡಿಸದೆ ಅವಳು ಮೆಷಿನ್ನನ್ನು ನೆಲಕ್ಕೆ ಇಳಿಸುತ್ತಲೇ ಇರಲಿಲ್ಲ.

ನರೇಶನಿಗೆ ಇದೂ ಸಹಿಸದು. "ಅರ್ಧ ದಿನ ಇದನ್ನ ತೊಳೆಯೂದ್ರಲ್ಲೇ ಕಳೀತೆ. ನಿನ್ನ ಅಪ್ಪನ ಮನೆದಾ ಇದು?"

"ನಿಮ್ಮ ಅಪ್ಪನ ಮನೆದೂ ಅಲ್ಲಲ," ಎಂದಳು ಮಂಗಲಾ, ಕೈಕೆಲಸ ನಿಲ್ಲಿಸದೆ.

ಆಯುಧ ಪೂಜೆ ಬಂತು. ಮಂಗಲಾ ಮೆಷಿನ್ನನ್ನು ಒರೆಸಿ ಥಳಥಳ ಮಾಡಿ, ಮನೆಯಿಂದ ನಾಲ್ಕು ದಾಸವಾಳ ತಂದಿದ್ದಳು. ನರೇಶ ಭಟ್ಕಳ ಪೇಟೆಯಿಂದ ಆಳುದ್ದದ ಸೇವಂತಿಗೆ ಮಾಲೆ ತಂದು ಅದಕ್ಕೆ ಸುತ್ತಿದ. ಅವಳು ದಾಸವಾಳ ಇಡಲು ಹೋದರೆ ಎಲ್ಲರೆದುರು ಕೈ ಅಡ್ಡ ಹಿಡಿದ.

"ನೀ ಹಿಂದೆ ಸರಿ. ಇದು ಪೂಜೆ, ಕಸ ಹೊಡೆಯೂ ಕೆಲಸ ಅಲ್ಲ."

ಮಂಗಲಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಗಲೀಜು ಬಳಿಯೂಕೆ ನಾನು, ಹೂ ಹಾಕೂಕೆ ಇವನು! ದಾಸವಾಳವನ್ನು ಸೆರಗಿನಲ್ಲಿ ಸುತ್ತಿಕೊಂಡು ಕಂಬಕ್ಕೆ ಒರಗಿ ನಿಂತಳು.

ಕಾಯಿ ಒಡೆದಾಯಿತು, ಆರತಿ ಆಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟರು. "ಚಾಲೂ ಮಾಡಿಯೇ ಮುಂದೆ ತಗೋ," ಎಂದರು ಹೆಗಡೇರು. ನರೇಶ ಕಾರು ಹೊರಡಿಸುವವನ ಗತ್ತಿನಲ್ಲಿ ಸ್ವಿಚ್ಚು ಹಾಕಿ ಬ್ರಷ್ಷು ಇಳಿಸಲು ಹೋದ. ಆಗ ಮಂಗಲಾ ಕಂಡಳು: ಮಾಲೆಯ ತುದಿ ಜಾರಿ ಬ್ರಷ್ಷಿನ ಅಡಿಯಲ್ಲೇ ಬಿದ್ದಿದೆ. "ನಿಲ್ಸಿ" ಅಂದಿದ್ದರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತನಕ ಬಂದೇ ಬಂತು. ಹಿಂದೆ ಸರಿ ಅಂದನಲ್ಲ, ಸರಿದಿದ್ದೇನೆ, ಅನುಭವಿಸಲಿ ಎಂದುಕೊಂಡಳು. ನರೇಶ ಒಮ್ಮೆ ತಲೆಯೆತ್ತಿ ಅವಳತ್ತ ನೋಡಿದ. ಅವಳು ಮಾಲೆಯ ತುದಿಯನ್ನೇ ನೋಡುತ್ತ ತುಟಿ ಬಿಗಿದಿದ್ದಳು.

ಸೇವಂತಿಗೆ ಸರ್ರನೆ ಒಳಗೆ ಹೋಯಿತು. ಮೆಷಿನ್ನು ನರಳಿ ನಿಂತಿತು. ಅಲ್ಲಿಗೆ ಬಿಟ್ಟಿದ್ದರೂ ಉಳಿಯುತ್ತಿತ್ತು. ಯಜಮಾನರೆದುರು ಮರ್ಯಾದೆ ಹೋಯಿತಲ್ಲ ಎಂದು ಆ ಪುಣ್ಯಾತ್ಮ ಮತ್ತೆ ಮತ್ತೆ ಒತ್ತಿದ. ಸುಟ್ಟ ವಾಸನೆ ಬಂತು, ಹೊಗೆಯೂ ಬಂತು. ಮಂಗಲಾಳಿಗೆ ಹಾಲು ಕುಡಿದಷ್ಟು ಸಂತೋಷ ಆಯಿತು. ಸುಳ್ಳು ಯಾಕೆ ಹೇಳಬೇಕು, ಆಯಿತು.

"ಯಾರದ್ದೋ ಕೆಟ್ಟ ಕಣ್ಣು ತಾಗ್ತು ಹೆಗಡೇರೇ," ಎಂದ ನರೇಶ, ಅವಳನ್ನೇ ದುರುಗುಟ್ಟಿ ನೋಡುತ್ತ.

"ಕಣ್ಣೂ ಅಲ್ಲ ಮಣ್ಣೂ ಅಲ್ಲ. ಮಾಲೆ ಒಳಗೆ ಹೋಯ್ತು, ನಾ ಕಂಡೆ," ಎಂದಳು ಮಂಗಲಾ. ಈಗ ಇವನಿಗೆ ಸಮಾ ಬೈಗುಳ ಬೀಳುತ್ತದೆ ಎಂದು ಕಾದಳು.

ಹೆಗಡೇರು ಯಾರಿಗೂ ಬೈಯಲಿಲ್ಲ. ಹೊಗೆಯತ್ತ ಕೈ ತೋರಿಸಿದರು. "ಪೂಜೆ ದಿನವೇ ಸುಟ್ಟಿತು ಅಂದ್ರೆ ಇದು ನಮಗೆ ಆಗಿಬರೂ ಸಾಮಾನಲ್ಲ. ಮದುವೆ ಆಗೂ ಜಾಗ ಇದು. ರಿಪೇರಿ ಬೇಡ, ಎಂತದೂ ಬೇಡ, ಗುಜರಿಗೆ ಹಾಕಿ. ಮಂಗಲಾ, ನೀ ಮೊದಲಿನ ಹಾಗೆ ಕೈಯಲ್ಲೇ ಒರೆಸು."

ಮಂಗಲಾ ಕಂಬ ಬಿಟ್ಟು ಮುಂದೆ ಬಂದಳು. "ಹೆಗಡೇರೇ, ಬಿಚ್ಚಿ ದಾರ ತೆಗ್ಸಿ ಮೋಟರು ಹಾಕ್ಸಿದ್ರೆ ಆತದೆ. ನನ್ನ ಮೊಣಕಾಲು..."

"ಆಗದಿದ್ರೆ ಈಗಲೇ ಹೇಳು, ಬೇರೆಯವರನ್ನ ನೋಡ್ವ," ಎಂದು ಹೆಗಡೇರು ಪ್ರಸಾದ ತಗೊಂಡು ನಡೆದರು.

ತುಳಸಿ ಹಬ್ಬ ಕಳೆದು ಮದುವೆಗಳು ಶುರುವಾದವು. ಮೊದಲ ಮದುವೆಯ ದಿಬ್ಬಣ ಹೋದ ಮೇಲೆ ಮಂಗಲಾ ಬಕೆಟ್ಟು, ಬಟ್ಟೆ ಹಿಡಿದು ನೆಲಕ್ಕೆ ಕೂತಳು. ಕೂರುವಾಗಲೇ ಕಣ್ಣಲ್ಲಿ ನೀರು ಬಂತು. ನರೇಶನ ಏಳು ತಲೆಮಾರಿಗೆ ಶಾಪ ಹಾಕುತ್ತ ತಿಕ್ಕಿದಳು. ಅಷ್ಟರಲ್ಲಿ ಅವನೇ ಫೋನನ್ನು ಕಿವಿಗೆ ಒತ್ತಿಕೊಂಡು, ಮೇಲೆ ಮಾಡು ನೋಡುತ್ತ, ಸಾಬೂನು ನೀರಿನ ಕಡೆ ಬಂದ. ಬೀಳಲಿ, ಸೊಂಟ ಮುರಿಯಲಿ ಅನ್ನಿಸಿತು. ಆದರೆ ಹೋದ ಸಲ ಅನುಭವಿಸಲಿ ಅಂದದ್ದನ್ನು ಯಾರು ಅನುಭವಿಸುತ್ತಿದ್ದಾರೆ ಎಂದು ಮೊಣಕಾಲು ಹೇಳುತ್ತಲೇ ಇತ್ತು.

"ಏ ನರೇಶಾ! ಕಣ್ಣು ಎಂತಕ್ಕೆ ಇಟ್ಕಂಡಿದ್ದು? ಕೆಳಗೆ ನೀರು, ಜಾರ್ತದೆ!"

ನರೇಶ ಎತ್ತಿದ ಕಾಲನ್ನು ಹಿಂದೆ ಇಟ್ಟ. ಫೋನು ಇಳಿಸಿದ. ನೀರು ನೋಡಿದ, ನೆಲದ ಮೇಲೆ ಕೂತವಳನ್ನು ನೋಡಿದ.

"ಈ ಬಾಯಿ ಪೂಜೆ ದಿನ ಎಲ್ಲಿ ಹೋಗಿತ್ತು, ಮಂಗಲಕ್ಕ?"

ಮಂಗಲಾ ಬಟ್ಟೆ ಹಿಂಡಿ, ಒರೆಸಿದ್ದ ಜಾಗವನ್ನೇ ಮತ್ತೆ ಒರೆಸಿದಳು.